ಕ್ರಾಲರ್ ಅಂದರೆ ‘ತೆವಳು’ ಸರಿಯಾ? ಚೈನ್ ಡೋಜರ್, ದಬ್ಬು, ದಬ್ಬಾಳಿಕೆ

ಎಲ್ಲರಿಗೂ ನಮಸ್ಕಾರ.

ಮಣ್ಣು ಕೆಲಸದ ಗಾಡಿ ಓಡಿಸುವ ಹುಡುಗರಿಗಾಗಿ ಒಂದು ಸಣ್ಣ ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ‘ಕ್ರಾಲರ್ ಬುಲ್ಡೋಜರ್’ (ಗಾಲಿ ಬದಲು ಕಬ್ಬಿಣದ ಪಟ್ಟಿಗಳ ಮೇಲೆ ಓಡುತ್ತಾ, ಮುಂದಿನ ಬ್ಲೇಡಿನಿಂದ ಮಣ್ಣು ದಬ್ಬುವ ಗಾಡಿ) ಬಂದ ಕಡೆ ‘ತೆವಳು ಬುಲ್ಡೋಜರ್’ ಅಂತ ಹಾಕಿದ್ದೆ. ನಿಘಂಟು ನೋಡಿದರೆ ತಪ್ಪೇನಿಲ್ಲ.

ಹೋದ ತಿಂಗಳು ಅಣ್ಣಿಗೇರಿ ಹತ್ತಿರ ನಮ್ಮ ಕಾಕಾನ ಹೊಲ ಮಟ್ಟ ಮಾಡಲು ಡೋಜರ್ ಬಂದಿತ್ತು. ಆಪರೇಟರ್ ಊಟಕ್ಕೆ ಕೂತಾಗ ನನ್ನ ಹಾಳೆ ಓದಿ ತೋರಿಸಿದೆ. ರೊಟ್ಟಿ ಮುರಿಯುತ್ತಿದ್ದ ಕೈ ಅಲ್ಲೇ ನಿಂತಿತು.

“ತೆವಳಾಕ ನನ್ನ ಗಾಡಿಗೇನ್ ಕಾಲ್ ಮುರದಾವೇನ್ರೀ ಸರ?”

ಕಾಕಾನೂ ನಕ್ಕುಬಿಟ್ಟರು. ಮತ್ತೇನಂತೀರಿ ಅಂದೆ. “ಚೈನ್ ಡೋಜರ್ ಅಂತೀವ್ರಿ” ಅಂದ. ಮುಗೀತು.

ಆಮೇಲೆ ಗಾಡಿ ಹತ್ತಿರ ಹೋಗಿ ನೋಡಿದೆ. ಆತ ಹೇಳಿದ್ದೇ ಸರಿ ಅನ್ನಿಸಿತು. ಕಣ್ಣಿಗೆ ಬೀಳುವುದೇ ಚೈನು. ಕಬ್ಬಿಣದ ಪಟ್ಟಿಗಳು ಒಂದಕ್ಕೊಂದು ಪೋಣಿಸಿಕೊಂಡಿವೆ. ಪ್ರತಿ ಪಟ್ಟಿಯ ಮೇಲೂ ಎದ್ದು ನಿಂತ ಒಂದು ಏಣು. ಅದು ಮಣ್ಣು ಕಚ್ಚಿ ಹಿಡಿಯುತ್ತದೆ, ಗಾಡಿ ಜಾರುವುದಿಲ್ಲ. ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಚೈನಿನ ಬೆಲೆ ಇನ್ನೂ ಜಾಸ್ತಿ. ಗಾಡಿ 20 ಟನ್ ಅಂತಿಟ್ಟುಕೊಳ್ಳಿ. ಒಂದೊಂದು ಚೈನು ನೆಲಕ್ಕೆ ತಾಗುವುದು ಸುಮಾರು 2.7 ಮೀಟರ್ ಉದ್ದ, ಅರ್ಧ ಮೀಟರಿಗಿಂತ ತುಸು ಹೆಚ್ಚು ಅಗಲ. ಭಾಗಿಸಿ ನೋಡಿದರೆ ಒಂದು ಚದರ ಸೆಂಟಿಮೀಟರಿಗೆ ಮುಕ್ಕಾಲು ಕಿಲೋನೂ ಬೀಳಲ್ಲ. ತುಂಬಿದ ಲಾರಿಯ ಟೈರಿನಡಿ ಇದರ ಹತ್ತು ಪಟ್ಟು ಒತ್ತಡ ಇರುತ್ತದೆ. ಅದಕ್ಕೇ ಹಸಿ ಎರಿಯಲ್ಲಿ ಲಾರಿ ಹೂತುಕೊಂಡರೂ ಡೋಜರ್ ಮೇಲೇ ಹೋಗುತ್ತದೆ.

ಚೈನು ಹುಟ್ಟಿದ್ದೂ ಇಂಥದೇ ಕಷ್ಟಕ್ಕೆ. ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಕಡೆಯ ಮೆತ್ತನೆ ನೆಲದಲ್ಲಿ ಉಗಿ ಟ್ರ್ಯಾಕ್ಟರಿನ ಗಾಲಿ ಹೂಳುತ್ತಿದ್ದವು. 1904ರಲ್ಲಿ ಬೆಂಜಮಿನ್ ಹೋಲ್ಟ್ ಹಿಂದಿನ ಗಾಲಿ ಬಿಚ್ಚಿ ಪಟ್ಟಿ ಕೂರಿಸಿ ನೋಡಿದ. ಅದರ ನಡಿಗೆ ಕಂಬಳಿಹುಳದ ಹಾಗೆ ಕಂಡಿತಂತೆ, ಕ್ಯಾಟರ್‌ಪಿಲರ್ ಅನ್ನೋ ಹೆಸರು ಬಂತು. ಅಂದರೆ ಅವರು ನಡಿಗೆ ನೋಡಿ ಹೆಸರಿಟ್ಟರು, ನಮ್ಮವರು ಕಾಲು ನೋಡಿ ಇಟ್ಟರು. ಕೈಪಿಡಿಯಲ್ಲಿ ‘ಚೈನ್ ಡೋಜರ್’ ಅಂತಲೇ ಬರೆಯುತ್ತೇನೆ. ಸರಪಳಿ ಅಂದರೆ ನನಗೆ ಎಮ್ಮೆ ಕಟ್ಟುವುದೇ ನೆನಪಾಗುತ್ತದೆ.

ಇನ್ನೊಂದು ಗೊಂದಲ. ಟಿವಿ, ಪೇಪರಿನವರು ಬುಲ್ಡೋಜರ್ ಅಂತಾರೆ, ಚಿತ್ರದಲ್ಲಿ ಇರುವುದು ಬಹಳ ಸಲ ಜೆಸಿಬಿ. ಜೆಸಿಬಿ ಕಂಪನಿ ಹೆಸರು, ಆದರೆ ಜನರ ಬಾಯಲ್ಲಿ ಅದು ಗಾಡಿಯ ಜಾತಿ. ಹಾಗೇ ಉದ್ದ ಕೈ ಚಾಚಿ ತೋಡುವ ಗಾಡಿ ಯಾವ ಕಂಪನಿಯದಾದರೂ ಹಿಟಾಚಿನೇ. ಟಾಟಾ ಹಿಟಾಚಿ ಕಾರ್ಖಾನೆ ನಮ್ಮ ಧಾರವಾಡದಲ್ಲೇ ಇದೆ, ನಾವು ಹಾಗಂದರೆ ಮಾಫಿ ಇರಲಿ. ಡೋಜರ್ ಈ ಎರಡೂ ಅಲ್ಲ. ಅದಕ್ಕೆ ಕೈ ಇಲ್ಲ, ಬಕೆಟ್ ಇಲ್ಲ. ಮುಂದೆ ಅಗಲ ಬ್ಲೇಡು, ಹಿಂದೆ ಬೇಕಾದರೆ ರಿಪ್ಪರ್. ಗಟ್ಟಿ ಗರಸು ಅಡ್ಡ ಬಂದರೆ ಮೊದಲು ರಿಪ್ಪರ್ ಹಲ್ಲು ಇಳಿಸಿ ಸೀಳಬೇಕು. ಆಮೇಲೆ ಬ್ಲೇಡಿನ ಕೆಲಸ.

ಬ್ಲೇಡಿಗೆ ನಾನು ‘ಅಲಗು’ ಅಂದಿದ್ದೆ. ಕಾಕಾ ‘ಕುಡ’ ಅನ್ನು ಅಂದರು, ಕುಂಟಿ ಕುಡದ ಹಾಗೆ. ಮೊದಲು ಖುಷಿಯಾಯಿತು, ಆಮೇಲೆ ಅನುಮಾನ. ಕುಂಟಿ ಕುಡ ಮಣ್ಣಿನ ಒಳಗೆ ಹರಿದು ಕಳೆ ಕತ್ತರಿಸುತ್ತದೆ. ಮಣ್ಣನ್ನು ಮುಂದೆ ಒಯ್ಯುವುದಿಲ್ಲ. ಆದರೆ ಡೋಜರ್ ಬ್ಲೇಡಿನ ಕೆಳ ಅಂಚಿಗೆ ಬೋಲ್ಟ್ ಹಾಕಿ ಕೂರಿಸಿದ ಬೇರೆ ಪಟ್ಟಿ ಇರುತ್ತದೆ. ನೆಲ ಕೆರೆಯುವುದು ಅದು. ಸವೆದರೆ ಬಿಚ್ಚಿ ಬೇರೆ ಹಾಕುತ್ತಾರೆ. ಕುಡ ಅನ್ನೋ ಮಾತು ಇಡೀ ಬ್ಲೇಡಿಗಿಂತ ಆ ಪಟ್ಟಿಗೆ ಚೆನ್ನಾಗಿ ಒಪ್ಪುತ್ತದೆ, ಅಲ್ವಾ?

ಈಗ ಕ್ರಿಯಾಪದ. “ಇದು ಎತ್ತೂದಿಲ್ರಿ, ದಬ್ಬೂದಷ್ಟ” ಅಂದ ಆಪರೇಟರ್. ಹಿಟಾಚಿ ತೋಡುತ್ತದೆ, ಟಿಪ್ಪರ್ ಹೊರುತ್ತದೆ, ಡೋಜರ್ ದಬ್ಬುತ್ತದೆ. ಹೊಲದ ದಿಬ್ಬ ಕೆರೆದು ತಗ್ಗಿಗೆ ದಬ್ಬಿ, ಒಡೆದ ಒಡ್ಡಿಗೆ ಮಣ್ಣು ಏರಿಸಿದ. ದಬ್ಬುವುದು ಸುಮಾರು 100 ಮೀಟರ್ ಒಳಗಿದ್ದರೆ ಲಾಭ. ಅದಕ್ಕಿಂತ ದೂರವಾದರೆ ಹಿಟಾಚಿ, ಟಿಪ್ಪರ್ ಕರೆಸುವುದೇ ಮೇಲು. ‘ನೂಕು’, ‘ತಳ್ಳು’ ಕೂಡ ಇವೆ. ನನ್ನ ಕಿವಿಗೆ ‘ದಬ್ಬು’ವಿನಲ್ಲಿ ಇರುವ ಜೋರು ಅವುಗಳಲ್ಲಿ ಇಲ್ಲ.

ಇಲ್ಲೇ ನನ್ನ ಮೊದಲ ಪ್ರಶ್ನೆ. ಇಂಗ್ಲಿಷಿನ ಬುಲ್ಡೋಜ್ ಮೊದಲು ಯಂತ್ರದ ಮಾತೇ ಅಲ್ಲ. 1870ರ ದಶಕದಲ್ಲಿ ಅಮೆರಿಕದ ದಕ್ಷಿಣದಲ್ಲಿ ಕರಿಯ ಮತದಾರರನ್ನು ಚಾಟಿಯಿಂದ ಹೊಡೆದು ಹೆದರಿಸುವುದಕ್ಕೆ ಹಾಗೆ ಅನ್ನುತ್ತಿದ್ದರು. ಟ್ರ್ಯಾಕ್ಟರಿನ ಮುಂದೆ ಕಟ್ಟುವ ಬ್ಲೇಡನ್ನು ಕಾನ್ಸಾಸ್‌ನಲ್ಲಿ ಕಮಿಂಗ್ಸ್, ಮೆಕ್ಲಿಯಾಡ್ ಅನ್ನೋ ಇಬ್ಬರು ಮಾಡಿದ್ದು 1923ರಲ್ಲಿ. ಹೆಸರು ಯಂತ್ರಕ್ಕೆ ಅಂಟಿಕೊಂಡಿದ್ದು ಆಮೇಲೆ. ಅಲ್ಲಿ ದಬ್ಬಾಳಿಕೆಯ ಮಾತು ದಬ್ಬುವ ಗಾಡಿಗೆ ಬಂತು. ನಮ್ಮಲ್ಲಿ ‘ದಬ್ಬಾಳಿಕೆ’ ಇದೇ ‘ದಬ್ಬು’ವಿನಿಂದ ಹುಟ್ಟಿದ್ದಾ, ಅಥವಾ ಸುಮ್ನೆ ಹಾಗೆ ಕೇಳಿಸುತ್ತದಾ? ಹಳೆಯ ಬಳಕೆ ಗೊತ್ತಿದ್ದವರು ದಯವಿಟ್ಟು ತೋರಿಸಿ.

ಎರಡನೆಯದು ಚಿಕ್ಕದು, ಆದರೆ ಕೈಪಿಡಿ ನಿಂತಿರುವುದು ಇದರ ಮೇಲೆಯೇ. ದಬ್ಬುವಾಗ ಬ್ಲೇಡಿನ ಎರಡೂ ತುದಿಯಿಂದ ಮಣ್ಣು ಸೋರಿ ಉದ್ದಕ್ಕೆ ಏರಿಯ ಹಾಗೆ ಉಳಿಯುತ್ತದೆ. ಅದನ್ನು ಹಾಗೇ ಬಿಟ್ಟು, ನಡುವಿನ ಕಾಲುವೆಯಂಥ ಜಾಗದಲ್ಲೇ ಮತ್ತೆ ಮತ್ತೆ ದಬ್ಬಿದರೆ ಮಣ್ಣು ಸೋರದೆ ಜಾಸ್ತಿ ಸಾಗುತ್ತದೆ. ಆ ಏರಿಗೆ ಏನಂತೀರಿ ಅಂತ ಆಪರೇಟರನ್ನೇ ಕೇಳಿದೆ. “ದಂಡಿಗೆ ಉಳದ ಮಣ್ಣರೀ” ಅಂದ, ಅಂದರೆ ಅಂಚಿಗೆ ಉಳಿದ ಮಣ್ಣು. ‘ಬದು’, ‘ಒಡ್ಡು’ ಹಾಕಿದರೆ ನಮ್ಮ ರೈತರು ಬೇರೆಯೇ ತಿಳಿದುಕೊಳ್ಳುತ್ತಾರೆ. ಹಾವೇರಿ, ರೋಣ, ನವಲಗುಂದದ ಕಡೆ ಇದಕ್ಕೊಂದು ಒಂಟಿ ಪದ ಯಾರ ಬಾಯಲ್ಲಾದರೂ ಕೇಳಿದ್ದೀರಾ?