ಬಟ್ಟೆ ತುಂಡು ಅಂಟಿಸಿದ ಸ್ಕೆಚ್‌ಬುಕ್‌ಗೆ ಬೂಷ್ಟು, ಮುಚ್ಚೋದಕ್ಕೂ ಆಗ್ತಿಲ್ಲ

ನೂಲುಪಟ್ಟಿ (ಮೂಡಿಗೆರೆ):
ಸೀರೆ ಅಂಚಿನ ಡಿಸೈನ್‌ಗೆ ಅಂತ ಕೈಯಲ್ಲೇ ಹೊಲಿದ ಸ್ಕೆಚ್‌ಬುಕ್ ಇದೆ. ಬೇಲೂರಿನ ಮದನಿಕೆಯರ ಒಡವೆ, ಹಳೇಬೀಡಿನ ಬಳ್ಳಿ ಸಾಲು ನೋಡಿ ಬರೆದ ಚಿತ್ರ ಒಂದು ಪುಟದಲ್ಲಿ, ಅದಕ್ಕೆ ಹೊಂದುವ ಬಟ್ಟೆ ತುಂಡು ಎದುರು ಪುಟದಲ್ಲಿ. ತುಂಡುಗಳನ್ನು ಮೈದಾ ಅಂಟಿನಲ್ಲಿ ಪೂರ್ತಿ ಅಂಟಿಸಿದ್ದೇನೆ. ಮಳೆ ಹಿಡಿದ ಮೇಲೆ ಬಟ್ಟೆ ಸುತ್ತ ಬೂಷ್ಟು ಬಂದಿದೆ. ಪುಸ್ತಕ ಬಾಯಿ ಬಿಟ್ಟುಕೊಂಡಿದೆ, ಬೆನ್ನಿನ ಹೊಲಿಗೆ ಎಳೆಯುತ್ತಿದೆ, ಹಾಳೆಗಳು ಅಲೆ ಅಲೆಯಾಗಿವೆ. ಬಿಸಿಲಿಗೆ ಇಟ್ಟರೆ ಸರಿಹೋಗುತ್ತಾ?

ರಟ್ಟುಹೊಲಿಗೆ (ಹಾಸನ):
ಬಿಸಿಲು ಬೇಡ ಮೇಡಂ. ಅರಿಶಿನದಂಥ ಬಣ್ಣ ಬೇಗ ಹಾರಿಹೋಗುತ್ತದೆ. ಪುಟ ಬಿಡಿಸಿ ನೆರಳಲ್ಲಿ ಪೂರ್ತಿ ಒಣಗಿಸಿ. ಆಮೇಲೆ ಮಾಸ್ಕ್ ಹಾಕಿಕೊಂಡು, ಮನೆ ಹೊರಗೆ, ಮೆತ್ತನೆ ಬ್ರಷ್‌ನಲ್ಲಿ ಉದುರಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಲೆ ಒಳಗೆ ಇಳಿಯುತ್ತದೆ.

ಬೂಷ್ಟಿಗೆ ಆಹಾರ ಆಗಿರುವುದು ಗಂಜಿ. ಮೈದಾ ಅಂಟು ಗಂಜಿಯೇ, ಮಗ್ಗದಿಂದ ಬಂದ ಹತ್ತಿ ಬಟ್ಟೆಯಲ್ಲೂ ಗಂಜಿ ಇರುತ್ತದೆ. ಗಾಳಿಯ ತೇವ ಶೇ. 65-70 ದಾಟಿ ನಿಂತರೆ ಬೂಷ್ಟು ಬೆಳೆಯುತ್ತದೆ. ನಿಮ್ಮ ಕಡೆ ಮಳೆಗಾಲ ಪೂರ್ತಿ ಹಾಗೇ ಅಲ್ವಾ? ಮುಂದಿನ ತುಂಡುಗಳನ್ನು, ಬಣ್ಣ ಬಿಡುತ್ತಾ ಅಂತ ಒಂದು ಮೂಲೆಯಲ್ಲಿ ನೋಡಿಕೊಂಡು, ತೊಳೆದು ಒಣಗಿಸಿ. ಅಂಟೇ ಬೇಡ. ಮೇಲಂಚಿಗೆ ನಾಲ್ಕು ಹೊಲಿಗೆ ಹಾಕಿ ಬಿಡಿ. ತುಂಡು ಎತ್ತಿ ಹಿಂಬದಿ ನೇಯ್ಗೆಯನ್ನೂ ನೋಡಬಹುದು. ಡಿಸೈನ್ ಮಾಡುವವರಿಗೆ ಅದು ಬೇಕೇ ಬೇಕು. ಪೂರ್ತಿ ಅಂಟಿಸಿದರೆ ಬಟ್ಟೆಯ ಅರ್ಧ ಮಾಹಿತಿ ಹೋದಂತೆ.

ಬಾಯಿ ಬಿಡುವುದು ಬಟ್ಟೆ ಸೇರಿ ಪುಟಗಳು ದಪ್ಪವಾದರೂ ಬೆನ್ನು ತೆಳ್ಳಗೇ ಇರುವುದರಿಂದ. ಖಾಲಿ ಹಾಳೆಗಳಿದ್ದರೆ ಒಂದು ಬಿಟ್ಟು ಒಂದನ್ನು ಕತ್ತರಿಸಿ, ಬೆನ್ನಿನ ಹತ್ತಿರ ಬೆರಳಗಲ ಪಟ್ಟಿ ಉಳಿಸಿ. ಬಟ್ಟೆಗೆ ಜಾಗ ಸಿಗುತ್ತದೆ. ಹೊಸ ಪುಸ್ತಕ ಹೊಲಿಯುವಾಗ ಈ ಪಟ್ಟಿಗಳನ್ನು ಹಾಳೆಗಳ ಮಧ್ಯೆ ಮೊದಲೇ ಸೇರಿಸಿ.

ಅಲೆಗೆ ತೇವವೂ ಕಾರಣ, ಕಾಗದದ ಎಳೆಯೂ (ಅದರ ನಾರು ಸಾಗುವ ದಿಕ್ಕು) ಕಾರಣ. ಹಾಳೆಯನ್ನು ಉದ್ದಕ್ಕೆ, ಅಡ್ಡಕ್ಕೆ ಮೆಲ್ಲಗೆ ಬಾಗಿಸಿ ನೋಡಿ. ಸುಲಭವಾಗಿ ಬಾಗುವ ಮಡಿಕೆ ಬೆನ್ನಿಗೆ ಬರಬೇಕು. ಕೈಕಾಗದದಲ್ಲಿ ಈ ತೊಂದರೆ ಕಡಿಮೆ.

ಮಳೆನಾಡಿಗ (ಸಕಲೇಶಪುರ):
ಮಳೆ ಹೊಡೆಯುವ ಗೋಡೆಗೆ ತಾಗಿಸಿ ಮಾತ್ರ ಇಡಬೇಡಿ. ಒಳಗಿನ ಗೋಡೆಯ ಕಪಾಟು ಎಷ್ಟೋ ವಾಸಿ.

ನೂಲುಪಟ್ಟಿ:
ಇಬ್ಬರಿಗೂ ಥ್ಯಾಂಕ್ಸ್. ರಟ್ಟಿಗೆ ಹೇಗೂ ಅಂಟು ಬೇಕಲ್ಲ, ಬೂಷ್ಟು ಬಾರದಿರಲಿ ಅಂತ ಅದಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಬಹುದಾ? ಕಾಫಿ ಗಿಡಕ್ಕೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಲು ತಂದದ್ದು ಮನೆಯಲ್ಲಿದೆ.

ರಟ್ಟುಹೊಲಿಗೆ:
ಬೈಂಡಿಂಗ್‌ನವರು ಹಾಕುತ್ತಾರೆ. ಲೆಕ್ಕದ ಪುಸ್ತಕಕ್ಕೆ ಪರವಾಗಿಲ್ಲ, ನಿಮ್ಮದಕ್ಕೆ ಬೇಡ. ವಿಷ ಅದು. ಸಾಲದ್ದಕ್ಕೆ ತಾಮ್ರ ಸೋಕಿದರೆ ಗಿಡಮೂಲದ ಬಣ್ಣ ತಿರುಗುತ್ತದೆ, ಹಳದಿ ಹಸಿರಿನ ಕಡೆ ವಾಲುತ್ತದೆ. ಆಮೇಲೆ ಆ ತುಂಡು ನೋಡಿ ಬಣ್ಣ ಹಾಕಿಸಿದರೆ ಸೀರೆಯೇ ಬೇರೆಯಾಗುತ್ತದೆ. ರಟ್ಟಿಗೆ ಬಿಳಿ ಪಿವಿಎ ಅಂಟು ಸಾಕು. ಪುಸ್ತಕ ಪೂರ್ತಿ ಒಣಗಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ತೇವ ಉಳಿದಿರುವಾಗ ಡಬ್ಬಿ ಮುಚ್ಚಿದರೆ ಬೂಷ್ಟು ಇನ್ನೂ ಜಾಸ್ತಿಯಾಗುತ್ತದೆ.