ಒಂದು ಬ್ಯಾಂಕು ನಿಷೇಧಿಸಿದ ಕಂಪನಿಗೆ ಇನ್ನೊಂದು ಬ್ಯಾಂಕಿನ ಯೋಜನೆಯಲ್ಲಿ ಗುತ್ತಿಗೆ ಸಿಗುವುದೇ?

ಪ್ರಶ್ನೆ:
ವಿಶ್ವಬ್ಯಾಂಕಿನ ಸಾಲದಲ್ಲಿ ನಡೆಯುವ ಕಾಮಗಾರಿಯ ಟೆಂಡರಿಗೆ ಸುಳ್ಳು ಅನುಭವ ಪತ್ರ ಸಲ್ಲಿಸಿ ಸಿಕ್ಕಿಬಿದ್ದ ಕಂಪನಿಯೊಂದು, ನಿಷೇಧಕ್ಕೊಳಗಾದ ಮೇಲೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಯೋಜನೆಗೆ ಬಿಡ್ ಸಲ್ಲಿಸಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಸಾಮಾನ್ಯವಾಗಿ ಸಾಧ್ಯವಿಲ್ಲ. ವಿಶ್ವಬ್ಯಾಂಕ್ ಸಮೂಹ, ಏಷ್ಯಾ, ಆಫ್ರಿಕಾ ಮತ್ತು ಅಂತರ-ಅಮೆರಿಕ ಅಭಿವೃದ್ಧಿ ಬ್ಯಾಂಕುಗಳು ಹಾಗೂ ಯುರೋಪಿನ ಪುನರ್‌ನಿರ್ಮಾಣ ಮತ್ತು ಅಭಿವೃದ್ಧಿ ಬ್ಯಾಂಕು 2010ರ ಏಪ್ರಿಲ್ 9ರಂದು ಸಹಿ ಹಾಕಿದ ಒಪ್ಪಂದದ ಪ್ರಕಾರ, ಒಂದು ಬ್ಯಾಂಕು ವಿಧಿಸಿದ ನಿಷೇಧವನ್ನು ಉಳಿದವು ಜಾರಿಗೊಳಿಸುತ್ತವೆ. ಆದರೆ ಆ ನಿಷೇಧದ ಅವಧಿ ಒಂದು ವರ್ಷವನ್ನು ಮೀರಿರಬೇಕು, ನಿರ್ಧಾರ ಬಹಿರಂಗವಾಗಿ ಪ್ರಕಟವಾಗಿರಬೇಕು, ಮತ್ತು ಅದನ್ನು ತಪ್ಪು ನಡೆದ 10 ವರ್ಷಗಳೊಳಗೆ ಕೈಗೊಂಡಿರಬೇಕು. ಯಾವುದೋ ದೇಶದ ಸರ್ಕಾರದ ತೀರ್ಮಾನವನ್ನೇ ಆಧರಿಸಿದ ನಿಷೇಧಕ್ಕೆ ಇದು ಅನ್ವಯಿಸುವುದಿಲ್ಲ. ನಿಷೇಧಿತ ಕಂಪನಿಗಳ ವಿಶ್ವಬ್ಯಾಂಕಿನ ಪಟ್ಟಿಯನ್ನು ತೆರೆದು ನೋಡಿ. ಕೆಲವು ಕಂಪನಿಗಳ ಹೆಸರಿನ ಎದುರು, ಕಾರಣದ ಅಂಕಣದಲ್ಲಿ, ಮೂಲತಃ ನಿಷೇಧಿಸಿದ ಬೇರೆ ಬ್ಯಾಂಕಿನ ಹೆಸರೇ ಇರುತ್ತದೆ.

ಉತ್ತರ 2:
ಇದಕ್ಕೆ ಅಡಿಪಾಯ ಬಿದ್ದದ್ದು 2006ರಲ್ಲಿ. ಲಂಚ, ವಂಚನೆ, ಬಲವಂತ, ಒಳಒಪ್ಪಂದ ಎಂಬ ನಾಲ್ಕು ಅಪರಾಧಗಳಿಗೆ ಬ್ಯಾಂಕುಗಳು ಆಗಲೇ ಸಮಾನ ವ್ಯಾಖ್ಯಾನವನ್ನು ಒಪ್ಪಿಕೊಂಡಿದ್ದವು. ಅದಿಲ್ಲದಿದ್ದರೆ ಒಬ್ಬರ ತೀರ್ಪನ್ನು ಇನ್ನೊಬ್ಬರು ನಂಬುವುದಾದರೂ ಹೇಗೆ? ಯುರೋಪಿಯನ್ ಹೂಡಿಕೆ ಬ್ಯಾಂಕು 2010ರ ಒಪ್ಪಂದಕ್ಕೆ ಸಹಿ ಹಾಕಲಿಲ್ಲ ಎಂಬುದನ್ನೂ ಗಮನಿಸಬೇಕು.

ಉತ್ತರ 3:
ಒಂದು ಮಾತನ್ನು ಸೇರಿಸುತ್ತೇನೆ. ಪ್ರಕರಣವನ್ನು ಎರಡನೆಯ ಬ್ಯಾಂಕು ಹೊಸದಾಗಿ ವಿಚಾರಣೆ ಮಾಡುವುದಿಲ್ಲವಾದ್ದರಿಂದ, ಆರೋಪಿತ ಕಂಪನಿಯು ಮೊದಲ ಬ್ಯಾಂಕಿನ ನೋಟಿಸಿಗೇ ದಾಖಲೆಗಳ ಸಮೇತ ಪೂರ್ಣ ಉತ್ತರ ಕೊಡಬೇಕು. ಶಿಕ್ಷೆ ಇಷ್ಟು ದೂರ ಹಬ್ಬುವಾಗ ಮೊದಲ ವಿಚಾರಣೆ ಅತ್ಯಂತ ನ್ಯಾಯಯುತವಾಗಿರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.