ಮನೆಮಂದಿ, ಗೆಳೆಯರು ಸೇರಿ ಕಾರ್ ಶೆಡ್ ಕಟ್ಟಿದವರು ಯಾರಾದರೂ ಇದ್ದೀರಾ?

ಪ್ರಶ್ನೆ, ತೀರ್ಥಹಳ್ಳಿ ಕಡೆಯಿಂದ:

ಮನೆಗೆ ವ್ಯಾಗನ್ ಆರ್ ಬಂದಿದೆ. ಸದ್ಯಕ್ಕೆ ಹಲಸಿನ ಮರದ ಕೆಳಗೆ ನಿಲ್ಲಿಸುತ್ತಿದ್ದೇವೆ. ಮಳೆಗಾಲದೊಳಗೆ ಒಂದು ಶೆಡ್ ಆಗಬೇಕು. ಪೂರ್ತಿ ಕಂಟ್ರಾಕ್ಟ್ ಕೊಡುವಷ್ಟು ದುಡ್ಡಿಲ್ಲ. ಕೊಡೋಣ ಅಂದರೂ ನಮ್ಮ ಕಡೆ ಸಣ್ಣ ಕೆಲಸಕ್ಕೆ ಯಾರೂ ಬರುವುದಿಲ್ಲ. ನಾನು, ತಮ್ಮ, ಸೋದರಮಾವ, ಒಂದಷ್ಟು ಗೆಳೆಯರು ಸೇರಿ ಭಾನುವಾರಗಳಲ್ಲಿ ಕಟ್ಟೋಣ ಅಂತ ಯೋಚನೆ. ಮಾವ ಮೊದಲು ಗಾರೆ ಕೆಲಸ ಮಾಡುತ್ತಿದ್ದವರು, ಈಗ ವಯಸ್ಸಾಗಿದೆ. ಎಷ್ಟು ದೊಡ್ಡದು ಬೇಕು? ಯಾವುದನ್ನು ನಾವೇ ಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು? ಮಾಡಿ ಗೊತ್ತಿದ್ದವರು ಹೇಳಿ.

ಸಾಗರದ ಅಡಿಕೆ ಬೆಳೆಗಾರರು:

ಧೈರ್ಯವಾಗಿ ಮಾಡಿ. ನಮ್ಮ ಮನೆಯದ್ದು ಹೀಗೇ ಆದದ್ದು, ಗಟ್ಟಿಯಾಗಿದೆ.

ಮೊದಲು ಅಳತೆ. ವ್ಯಾಗನ್ ಆರ್ ಉದ್ದ 3655 ಮಿ.ಮೀ., ಹತ್ತಿರ ಹತ್ತಿರ 12 ಅಡಿ. ಅಗಲ ಕನ್ನಡಿ ಬಿಟ್ಟು 5 ಅಡಿ 4 ಇಂಚು. ಇದನ್ನು ನೋಡಿದರೆ 8 ಅಡಿ ಅಗಲ ಸಾಕು ಅನ್ನಿಸುತ್ತದೆ. ಸಾಲದು. ಕಾರು ಒಳಗೆ ಹೋದ ಮೇಲೆ ಬಾಗಿಲು ತೆಗೆದು ಮನೆಯ ಹಿರಿಯರು ಇಳಿಯಬೇಕಲ್ವಾ? ಇಳಿಯುವ ಬದಿಗೆ ಮೂರು ಅಡಿಯಾದರೂ ಬೇಕು. ನಾಳೆ ಮನಸ್ಸು ಬದಲಾಗಿ ಇನ್ನೋವಾ ಕ್ರಿಸ್ಟಾ ತಂದರೆ ಅದೇ ಹದಿನೈದೂವರೆ ಅಡಿ ಉದ್ದ, 6 ಅಡಿ ಅಗಲ. ಹಾಗಾಗಿ 12 ಅಡಿ ಅಗಲ, 20 ಅಡಿ ಉದ್ದ ಹಾಕಿ. ಹಿಂದೆ ಉಳಿದ ಜಾಗಕ್ಕೆ ಅಡಿಕೆ ಚೀಲ, ಔಷಧಿ ಹೊಡೆಯುವ ಪಂಪು ತಾನಾಗಿಯೇ ಬಂದು ಸೇರುತ್ತವೆ. ಕಾರ್ ಶೆಡ್ ಬರೀ ಕಾರಿಗೆ ಉಳಿದ ಮನೆಯನ್ನು ನಾನಂತೂ ನೋಡಿಲ್ಲ.

ಗುರುತು ಹಾಕುವಾಗ ದಾರ ಕಟ್ಟಿ, ಮೂಲೆಯಿಂದ ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಅಳೆದು, ನಡುವೆ 5 ಅಡಿ ಬರುತ್ತದಾ ನೋಡಿ. ಕೊನೆಗೆ ಓರೆ ಅಳತೆ ಹಿಡಿಯಿರಿ. 12-20ರ ಶೆಡ್ಡಿಗೆ ಎರಡೂ ಓರೆ 23 ಅಡಿ 4 ಇಂಚು ಬರಬೇಕು. ಇಲ್ಲಿ ಎರಡಿಂಚು ತಪ್ಪಿದರೆ ಶೀಟ್ ಹಾಕುವ ದಿನ ಒಂದು ತುದಿ ಹೊರಗೆ ಚಾಚಿರುತ್ತದೆ, ಇನ್ನೊಂದು ತುದಿ ಒಳಗೆ ಇರುತ್ತದೆ.

ಇನ್ನು ಜನ. ನಮ್ಮಲ್ಲಿ ನೆಟ್ಟಿಗೆ, ಕೊಯ್ಲಿಗೆ ಮುಯ್ಯಾಳು ಪದ್ಧತಿ ಇತ್ತು, ಕೂಲಿ ಇಲ್ಲದೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗುವುದು. ಅದರಲ್ಲಿ ಕರೆದ ಮನೆಯವರು ಎಲ್ಲ ತಯಾರಿ ಮಾಡಿಕೊಂಡೇ ಕರೆಯುತ್ತಿದ್ದರು. ಈಗಿನ ಭಾನುವಾರದ ಕೆಲಸದಲ್ಲಿ ಅದೇ ತಪ್ಪುತ್ತದೆ. ಬೆಳಿಗ್ಗೆ ಎಂಟು ಜನ ಬಂದು ನಿಂತಿರುತ್ತಾರೆ, ಜಲ್ಲಿ ಬಂದಿರುವುದಿಲ್ಲ, ಮಿಕ್ಸರ್ ಮಧ್ಯಾಹ್ನಕ್ಕೆ ಬರುತ್ತದಂತೆ. ಮುಂದಿನ ವಾರ ನಾಲ್ಕೇ ಜನ ಬರುತ್ತಾರೆ. ಅದರ ಮುಂದಿನ ವಾರ ನೀವು, ನಿಮ್ಮ ತಮ್ಮ, ಅಷ್ಟೇ.

ನಿಜವಾಗಿ ಜಾಸ್ತಿ ಕೈ ಬೇಕಾಗುವುದು ಎರಡು ಕೆಲಸಕ್ಕೆ. ಒಂದು ನೆಲದ ಕಾಂಕ್ರೀಟ್, ಇನ್ನೊಂದು ಶೀಟ್ ಏರಿಸುವುದು. ಗೆಳೆಯರನ್ನು ಇವೆರಡಕ್ಕೇ ಉಳಿಸಿಕೊಳ್ಳಿ. ಗುಂಡಿ ತೆಗೆಯುವುದು, ಸುತ್ತ ಮೂರು ಅಡಿ ಕೆಂಪುಕಲ್ಲಿನ ಗೋಡೆ ಕಟ್ಟುವುದು, ಬಣ್ಣ ಹೊಡೆಯುವುದು, ಇದೆಲ್ಲ ನೀವು, ತಮ್ಮ, ಮಾವ ಸಂಜೆ ಹೊತ್ತು ನಿಧಾನಕ್ಕೆ ಮಾಡಿದರೂ ನಡೆಯುತ್ತದೆ.

ನೆಲದ ಲೆಕ್ಕ ಕೊಡುತ್ತೇನೆ. 12-20ಕ್ಕೆ 4 ಇಂಚು ದಪ್ಪ ಅಂದರೆ 80 ಘನ ಅಡಿ ಕಾಂಕ್ರೀಟ್. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ನಾಲ್ಕು ಪಾಲು ಜಲ್ಲಿ ಹಿಡಿದರೆ 14-15 ಮೂಟೆ ಸಿಮೆಂಟ್, 35 ಘನ ಅಡಿ ಎಂ-ಸ್ಯಾಂಡ್, 70 ಘನ ಅಡಿ ಜಲ್ಲಿ ಬೇಕು. ಮೇಲೆ ಸ್ವಲ್ಪ ಜಾಸ್ತಿಯೇ ತರಿಸಿ. ಮಿಕ್ಸರ್ ಬಾಡಿಗೆಗೆ ತನ್ನಿ, ಕೈಯಲ್ಲಿ ಕಲಸುತ್ತೇವೆ ಅಂತ ಹೊರಡಬೇಡಿ. ಮಿಕ್ಸರಿಗೆ ತುಂಬಲು ಮೂವರು, ಸಾಗಿಸಲು ಇಬ್ಬರು ಮೂವರು, ಹರಡಿ ಮಟ್ಟಗೋಲು ಎಳೆಯಲು ಇಬ್ಬರು. ನೀರಿನ ಬಕೆಟ್ ಮಾತ್ರ ಮಾವನ ಕೈಯಲ್ಲೇ ಇರಲಿ. ಕಲಸು ತೆಳ್ಳಗಾದರೆ ಎಳೆಯಲು ಸುಲಭ, ಅದಕ್ಕೆ ಹುಡುಗರು ನೀರು ಸುರಿಯುತ್ತಲೇ ಇರುತ್ತಾರೆ. ಒಂದು ಮೂಟೆಗೆ ಒಟ್ಟು 30 ಲೀಟರ್ ದಾಟಬಾರದು. ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ. ಗೇಟಿನ ಕಡೆಗೆ ಎರಡು ಎರಡೂವರೆ ಇಂಚು ಇಳಿಜಾರು ಕೊಡಿ, ಒದ್ದೆ ಕಾರಿನಿಂದ ಇಳಿದ ನೀರು ಹೊರಗೆ ಹೋಗುತ್ತದೆ.

ಎಲ್ಲರಿಗೂ ಗಮ್ ಬೂಟು, ಕೈಗವಸು ಇರಲಿ. ಹಸಿ ಸಿಮೆಂಟಿನಲ್ಲಿ ಬರಿಗಾಲಲ್ಲಿ ನಿಂತರೆ ಚರ್ಮ ಸುಡುತ್ತದೆ. ಅವತ್ತು ಗೊತ್ತಾಗುವುದಿಲ್ಲ, ರಾತ್ರಿ ಗೊತ್ತಾಗುತ್ತದೆ.

ಬೆಂಗಳೂರಿನಿಂದ, ಸ್ಟ್ರಕ್ಚರಲ್ ಇಂಜಿನಿಯರ್:

ಸಾಗರದವರು ಹೇಳಿದ್ದು ಸರಿ. ಒಂದೇ ತಕರಾರು. 20 ಅಡಿ ನೆಲವನ್ನು ಒಂದೇ ಹಾಸು ಹಾಕಬೇಡಿ. ನಡುವೆ ಪಟ್ಟಿ ಇಟ್ಟು 10 ಅಡಿಯ ಎರಡು ಭಾಗ ಮಾಡಿ. ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ, ಜೋಡು ಕೊಡದಿದ್ದರೆ ತನಗೆ ಬೇಕಾದ ಕಡೆ ಬಿರುಕು ಬಿಡುತ್ತದೆ. ನಿಮಗೆ ಇನ್ನೊಂದು ಲಾಭವೂ ಇದೆ. ಒಂದು ಭಾಗಕ್ಕೆ ಏಳೆಂಟು ಮೂಟೆಯ ಕೆಲಸ, ಐದಾರು ಜನ ಬಂದರೂ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತದೆ. ಇನ್ನೊಂದು ಭಾಗ ಮುಂದಿನ ಭಾನುವಾರ.

ಸಿಮೆಂಟ್ ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟ್, ಮೂಟೆಯ ಮೇಲೆ ಬರೆದಿರುತ್ತದೆ) ಆದರೆ 10 ದಿನವಾದರೂ ನೀರುಣಿಸಬೇಕು, ಬಿಸಿಲಿನ ತಿಂಗಳಲ್ಲಿ 14 ದಿನ. ಸುತ್ತ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿ. ಗೆಳೆಯರು ಸೇರಿ ಕಟ್ಟುವ ಕೆಲಸಗಳಲ್ಲಿ ಇದೇ ಕೈಬಿಟ್ಟು ಹೋಗುವುದು. ಸೋಮವಾರ ಎಲ್ಲರೂ ಅವರವರ ಕೆಲಸಕ್ಕೆ ಹೋಗಿರುತ್ತಾರೆ. ಮನೆಯಲ್ಲಿ ಒಬ್ಬರ ಹೆಸರಿಗೆ ಈ ಕೆಲಸ ಬರೆದುಬಿಡಿ.

ಈಗ ಮುಖ್ಯ ವಿಷಯ, ಗಾಳಿ. ಶೆಡ್ ಬೀಳದಂತೆ ಕಟ್ಟಬೇಕು ಅಂತ ಎಲ್ಲರೂ ಯೋಚಿಸುತ್ತಾರೆ. ಹಾರದಂತೆ ಕಟ್ಟಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ಕಟ್ಟಡಗಳ ಮೇಲೆ ಬೀಳುವ ಭಾರ ಲೆಕ್ಕ ಹಾಕುವ ನಮ್ಮ ಐಎಸ್ 875 ಕೋಡಿನಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಗಾಳಿ ವೇಗ ಹಿಡಿದಿದ್ದಾರೆ. 39ಕ್ಕೆ ಲೆಕ್ಕ ಹಾಕಿದರೆ ಒಂದು ಚದರ ಮೀಟರಿಗೆ ಸುಮಾರು 93 ಕೆಜಿ ಒತ್ತಡ. ಅರ್ಧ ಮಿ.ಮೀ. ದಪ್ಪದ ಬಣ್ಣದ ಶೀಟಿನ ತೂಕ ಅದೇ ಚದರ ಮೀಟರಿಗೆ ನಾಲ್ಕೈದು ಕೆಜಿ. ನಿಮ್ಮ 22 ಚದರ ಮೀಟರ್ ಮಾಡನ್ನು (ಚಾವಣಿಯನ್ನು) ಜೋರು ಗಾಳಿ ಎರಡು ಟನ್ನಿನ ಹತ್ತಿರ ಮೇಲಕ್ಕೆ ಎಳೆಯಬಹುದು ಅಂತ ಅಂದಾಜು ಇಟ್ಟುಕೊಳ್ಳಿ. ಮೂರು ಕಡೆ ಗೋಡೆ, ಮುಂದೆ ಖಾಲಿ ಇದ್ದರೆ ಇನ್ನೂ ಕಷ್ಟ. ಒಳಗೆ ನುಗ್ಗಿದ ಗಾಳಿ ಕೆಳಗಿನಿಂದಲೂ ದೂಡುತ್ತದೆ.

ಇದನ್ನು ತಡೆಯುವುದು ಕಂಬದ ಬುಡದ ತೂಕ. 2 ಅಡಿ ಉದ್ದ, ಅಗಲ, ಆಳದ ಕಾಂಕ್ರೀಟ್ ಗುಂಡಿ ಅಂದರೆ 540 ಕೆಜಿ. ಆರು ಕಂಬಕ್ಕೆ ಮೂರು ಟನ್ನಿಗೂ ಮೇಲೆ. ಕಂಬಕ್ಕೆ ಬೇಸ್ ಪ್ಲೇಟ್ ಇಟ್ಟು, ಕಾಂಕ್ರೀಟಿನೊಳಗೆ ಕೊಕ್ಕೆ ಬೋಲ್ಟ್ ಹೂತು ಬಿಗಿಯಿರಿ. ಕಂಬದಿಂದ ತೊಲೆ, ತೊಲೆಯಿಂದ ಶೀಟ್, ಎಲ್ಲೂ ಕೊಂಡಿ ತಪ್ಪಬಾರದು. ಸ್ಕ್ರೂ ಶೀಟಿನ ಉಬ್ಬಿನ ಮೇಲೆ, ರಬ್ಬರ್ ವಾಷರ್ ಹಾಕಿ. ತಗ್ಗಿನಲ್ಲಿ ಹಾಕಿದರೆ ನೀರು ಅದರ ಸುತ್ತಲೇ ಹರಿಯುತ್ತಿರುತ್ತದೆ.

ವೆಲ್ಡಿಂಗ್ ಮಾತ್ರ ದುಡ್ಡು ಕೊಟ್ಟೇ ಮಾಡಿಸಿ. ಗೆಳೆಯನ ಹತ್ತಿರ ಮೆಷಿನ್ ಇದೆ ಅನ್ನುವುದಕ್ಕೂ ಗೆಳೆಯನಿಗೆ ವೆಲ್ಡಿಂಗ್ ಬರುತ್ತದೆ ಅನ್ನುವುದಕ್ಕೂ ವ್ಯತ್ಯಾಸ ಇದೆ. ಹೊರಗಿನಿಂದ ಉಬ್ಬಿ ಚೆನ್ನಾಗಿ ಕಾಣುವ ವೆಲ್ಡ್ ಒಳಗೆ ಹಿಡಿದಿರುವುದೇ ಇಲ್ಲ. ಆ ದಿನ ಕಾರನ್ನು ದೂರ ನಿಲ್ಲಿಸಿ, ಗ್ರೈಂಡರಿನ ಕಿಡಿ ಗಾಜಿಗೆ ಅಂಟಿದರೆ ಕಲೆ ಹೋಗುವುದಿಲ್ಲ.

ಪಂಚಾಯಿತಿಯಲ್ಲಿ ಒಂದು ಅರ್ಜಿ ಕೊಟ್ಟು ಕೇಳಿಬಿಡಿ. ಪೇಟೆಯಲ್ಲಿ ಇರುವವರು ಇದನ್ನು ಓದುತ್ತಿದ್ದರೆ, ಸೆಟ್‌ಬ್ಯಾಕ್ ಜಾಗಕ್ಕೆ (ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗ) ಮಾಡು ಹಾಕುವ ಮೊದಲು ಇನ್ನೂ ಸರಿಯಾಗಿ ಕೇಳಿ.

ಧಾರವಾಡದಿಂದ:

ಮಲೆನಾಡಿನವರಿಗೆ ಬೇಡದ ಮಾತು, ಆದರೆ ನಮ್ಮ ಕಡೆಯವರು ಯಾರಾದರೂ ಓದುತ್ತಿದ್ದರೆ ಅಂತ ಹೇಳುತ್ತೇನೆ. ಎರೆಮಣ್ಣಿನ ಮೇಲೆ ನೇರವಾಗಿ ನೆಲ ಹಾಕಬೇಡಿ. ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ, ಮೇಲಿನ ಕಾಂಕ್ರೀಟ್ ಜೊತೆಗೇ ಒಡೆಯುತ್ತದೆ. ಆ ಮಣ್ಣು ತೆಗೆದು ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿ, ನೀರು ಹಾಕಿ, ಪದರ ಪದರವಾಗಿ ಬಡಿದು ದಮ್ಮಸು ಮಾಡಿ. ಗೆಳೆಯರು ಬಂದರೆ ಮೊದಲು ಇದಕ್ಕೇ ಹಚ್ಚಿ. ಇದಕ್ಕೆ ಕಲಿತ ಕೈ ಬೇಕಿಲ್ಲ, ತೋಳು ಬೇಕು.

ಪುತ್ತೂರಿನಿಂದ ಒಬ್ಬರು ಅಕ್ಕ:

ತಮ್ಮಾ, ಎಲ್ಲರೂ ಶೀಟ್ ಶೀಟ್ ಅನ್ನುತ್ತಿದ್ದಾರೆ. ಹಂಚಿನ ಬಗ್ಗೆಯೂ ಒಮ್ಮೆ ಯೋಚಿಸಿ. ಹಳೆ ಮನೆ ಬಿಚ್ಚುವ ಕಡೆ ಮಂಗಳೂರು ಹಂಚು ಕಡಿಮೆಗೆ ಸಿಗುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಕಸುಬು ಅದು, ಚೆನ್ನಾಗಿ ಸುಟ್ಟ ಹಂಚು ತಲೆಮಾರು ದಾಟುತ್ತದೆ. ನಿಮ್ಮ ಶೆಡ್ಡಿಗೆ ಚಾಚು ಸೇರಿ ನಾನೂರೈವತ್ತು ಬೇಕಾಗಬಹುದು. ಒಡೆಯುವುದಕ್ಕೆ ಅಂತ ಇನ್ನಷ್ಟು ತನ್ನಿ. ತೂಕ ಒಟ್ಟು ಒಂದು ಟನ್ನಿನ ಹತ್ತಿರ, ಹಾಗಾಗಿ ಪಕಾಸು (ಮಾಡಿನ ಇಳಿಜಾರು ತೊಲೆಗಳು) ಗಟ್ಟಿ ಇರಬೇಕು, ಇಳಿಜಾರೂ ಜಾಸ್ತಿ ಬೇಕು. ಹಂಚು ಮನೆಗೆ ಬಂದ ಮೇಲೆಯೇ ರೀಪು (ಹಂಚು ಕೂರುವ ಅಡ್ಡ ಪಟ್ಟಿ) ಹೊಡೆಯಿರಿ. ಬೇರೆ ಬೇರೆ ಕಾರ್ಖಾನೆಯ ಹಂಚಿನ ಅಳತೆ ಒಂದೇ ಇರುವುದಿಲ್ಲ. ಎರಡು ಸಾಲು ಇಟ್ಟು ನೋಡಿ ಅಂತರ ಗುರುತು ಹಾಕಿ.

ಮಂಗಗಳ ಕಾಟ ಇದ್ದರೆ ಮಾತ್ರ ಹಂಚು ಬೇಡ. ಅವು ಹಂಚು ತೆಗೆದು ಆಟ ಆಡುತ್ತವೆ. ಶೀಟಿನ ಮೇಲೆ ಹಾರಿದರೆ ಬರೀ ಸದ್ದು.

ಇನ್ನೊಂದು, ಗಂಡಸರು ಯಾರೂ ಹೇಳಲಿಲ್ಲ. ಎಂಟು ಜನ ಕೆಲಸಕ್ಕೆ ಬಂದರೆ ಬೆಳಿಗ್ಗೆ ತಿಂಡಿ, ಹತ್ತೂವರೆಗೆ ಚಾ, ಮಧ್ಯಾಹ್ನ ಊಟ, ನಾಲ್ಕಕ್ಕೆ ಮತ್ತೆ ಚಾ. ಅದನ್ನೆಲ್ಲ ಯಾರು ಮಾಡುತ್ತಾರೆ? ಶೆಡ್ ಕಟ್ಟಿದವರ ಪಟ್ಟಿಯಲ್ಲಿ ಅವರ ಹೆಸರು ಇರುವುದಿಲ್ಲ. ಕಾಂಕ್ರೀಟ್ ದಿನದ ಊಟ ಹೋಟೆಲಿನಿಂದ ತರಿಸಿ, ಆ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಪಾರ್ಟಿ ಏನಿದ್ದರೂ ಕೆಲಸ ಮುಗಿದು ಏಣಿ ಒಳಗಿಟ್ಟ ಮೇಲೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಅಕ್ಕ, ನಿಮ್ಮ ಕೊನೆಯ ಮಾತನ್ನು ಅಮ್ಮನಿಗೆ ಓದಿ ಹೇಳಿದೆ, "ಯಾರಪ್ಪ ಇವರು, ಒಳ್ಳೆಯವರು" ಅಂದರು. ಮಂಗ ನಮ್ಮಲ್ಲಿ ಬೇಕಾದಷ್ಟಿವೆ, ಶೀಟೇ ಸರಿ. ಇನ್ನೆರಡು ಸಂಶಯ. ಮಾವನಿಗೆ ಕೂಲಿ ಕೊಡುವುದಾ ಬೇಡವಾ? ಕೊಟ್ಟರೆ ಬೈಯುತ್ತಾರೆ, ಕೊಡದಿದ್ದರೆ ನನಗೆ ಸರಿ ಅನ್ನಿಸುವುದಿಲ್ಲ. ಮತ್ತೆ, ಈಗಿನ ಜಾಗದಲ್ಲೇ ಹಲಸಿನ ಮರದ ಪಕ್ಕ ಕಟ್ಟಿದರೆ ನೆರಳು ಸಿಗುತ್ತದೆ, ಮೇಲೆ ಒಂದು ಕರೆಂಟು ತಂತಿ ಹೋಗಿದೆ. ತೊಂದರೆ ಇದೆಯಾ?

ಸಾಗರದವರು:

ಮಾವನಿಗೆ ದುಡ್ಡು ಕೊಡಬೇಡಿ, ಅವರ ಮನೆಯ ಕೆಲಸಕ್ಕೆ ನೀವು, ತಮ್ಮ ಹೋಗಿ. ಮಾಡಿನ ಹಂಚು ಕೈಯಾಡಿಸುವುದೋ, ತೋಟದ ಬೇಲಿಯೋ, ಏನಾದರೂ ಇದ್ದೇ ಇರುತ್ತದೆ. ಅವರು ಕರೆಯುವವರೆಗೆ ಕಾಯಬೇಡಿ. ಗೆಳೆಯರಿಗೂ ಹಾಗೇ. ಆದರೆ ಕೂಲಿ ಮಾಡಿಯೇ ಬದುಕುವ ಗೆಳೆಯ ಯಾರಾದರೂ ಬಂದರೆ ಅವನಿಗೆ ದಿನದ ಕೂಲಿ ಕೊಡಲೇಬೇಕು. ಅವನ ಭಾನುವಾರವೂ ಸಂಪಾದನೆಯ ದಿನ.

ಮರದ ಪಕ್ಕ ಬೇಡ. ಬೇರು ನೆಲ ಎತ್ತುತ್ತದೆ, ಎಲೆ ಮಾಡಿನ ನೀರು ಹರಿಯುವ ದೋಣಿಯಲ್ಲಿ ಕಟ್ಟುತ್ತದೆ, ಹಣ್ಣು ಬಿದ್ದರೆ ಶೀಟ್ ತಗ್ಗು. ಕೊಂಬೆಯ ನೆರಳು ದಾಟಿ ಆಚೆ ಸರಿಯಿರಿ.

ನಿವೃತ್ತ ಲೈನ್‌ಮನ್, ಶಿವಮೊಗ್ಗ:

ತಂತಿ ವಿಷಯ ಕಣ್ಣಿಗೆ ಬಿತ್ತು, ಅದಕ್ಕೆ ಬರೆಯುತ್ತಿದ್ದೇನೆ. ಮನೆಗೆ ಕರೆಂಟ್ ಕೊಡುವ ಸಾಮಾನ್ಯ ಲೈನ್ ಆದರೂ ಮಾಡಿನಿಂದ ಮೇಲಕ್ಕೆ ಎರಡೂವರೆ ಮೀಟರ್, ಪಕ್ಕಕ್ಕೆ 1.2 ಮೀಟರ್ ದೂರ ಇರಲೇಬೇಕು. 11 ಕೆವಿ (11 ಸಾವಿರ ವೋಲ್ಟ್) ಲೈನ್ ಆದರೆ ಇನ್ನೂ ಹೆಚ್ಚು, ಅದರ ಕೆಳಗೆ ಕಟ್ಟುವ ಯೋಚನೆಯನ್ನೇ ಬಿಡಿ. ಕಟ್ಟಿದ ಮೇಲೆ ಎಷ್ಟು ದೂರ ಉಳಿಯುತ್ತದೆ ಅನ್ನುವುದು ಒಂದು, ಕಟ್ಟುವಾಗ ಏನಾಗುತ್ತದೆ ಅನ್ನುವುದು ಇನ್ನೊಂದು. 20 ಅಡಿ ಶೀಟನ್ನು ಇಬ್ಬರು ನೆಟ್ಟಗೆ ಎತ್ತಿದಾಗ ತುದಿ ಎಲ್ಲಿಗೆ ಹೋಯಿತು ಅಂತ ಕೆಳಗಿನವರಿಗೆ ಕಾಣುವುದಿಲ್ಲ. ಕಬ್ಬಿಣದ ಏಣಿಯದ್ದೂ ಇದೇ ಕಥೆ. ಮೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ತಂತಿ ಸರಿಸಿಕೊಳ್ಳಿ, ಇಲ್ಲವಾದರೆ ಆ ದಿನದ ಮಟ್ಟಿಗಾದರೂ ಲೈನ್ ಆಫ್ ಮಾಡಿಸಿ. ನೀವೇ ಫ್ಯೂಸ್ ಕಿತ್ತು ಇಟ್ಟುಕೊಂಡರೆ ಆಯಿತು ಅನ್ನಬೇಡಿ, ಕಂಬದಿಂದ ಮನೆವರೆಗಿನ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಗಾಳಿ ಇರುವ ಹೊತ್ತು ಶೀಟ್ ಎತ್ತಬೇಡಿ. ಬೆಳಿಗ್ಗೆ ಬೇಗ ಶುರು ಮಾಡಿ. ಏಪ್ರಿಲ್ ಬಂತೆಂದರೆ ಮಧ್ಯಾಹ್ನದ ಮೇಲೆ ಯಾವಾಗ ಗುಡುಗು ಮಳೆ ಬರುತ್ತದೆ ಹೇಳಲಾಗುವುದಿಲ್ಲ. ಮಾರ್ಚ್‌ನಲ್ಲೇ ಮಾಡು ಮುಗಿಸಿದರೆ ನಿಶ್ಚಿಂತೆ.

ಕಂಬ ಏಳುವ ಮೊದಲೇ ವೈರಿಂಗ್ ಪೈಪ್ ಎಲ್ಲಿ ಹೋಗಬೇಕು ಅಂತ ನಿರ್ಧರಿಸಿ. ಒಂದು ಲೈಟು, ಒಂದು 16 ಆಂಪಿಯರ್ ಪಾಯಿಂಟ್ ಸಾಕು. ಮುಂದೆ ಎಲೆಕ್ಟ್ರಿಕ್ ಗಾಡಿ ಬಂದರೂ ಅದೇ ಪಾಯಿಂಟ್ ಕೆಲಸಕ್ಕೆ ಬರುತ್ತದೆ. ಅದಕ್ಕೆ ಬೇರೆಯೇ ವೈರ್ ಎಳೆಸಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್), ಸರಿಯಾದ ಅರ್ಥಿಂಗ್ ಹಾಕಿಸಿ. ಕಬ್ಬಿಣದ ಶೆಡ್, ಒದ್ದೆ ನೆಲ, ಇದರಲ್ಲಿ ಅರ್ಥಿಂಗ್ ಇಲ್ಲದ ಪಾಯಿಂಟ್ ಇಡಬಾರದು. ಈ ಕೆಲಸವನ್ನೂ ಲೈಸೆನ್ಸ್ ಇದ್ದವರಿಗೇ ಕೊಡಿ, ವೆಲ್ಡಿಂಗ್ ಹಾಗೆಯೇ.

ಪ್ರಶ್ನೆ ಕೇಳಿದವರು:

ಸರ್, ನಾಳೆಯೇ ಸೆಕ್ಷನ್ ಆಫೀಸಿಗೆ ಹೋಗುತ್ತೇನೆ. ಜಾಗ ಅಂಗಳದ ಇನ್ನೊಂದು ಬದಿಗೆ, ಮರ, ತಂತಿ ಎರಡರಿಂದಲೂ ಆಚೆಗೆ ಬದಲಾಯಿಸಿದ್ದೇವೆ. ಅಡಿಕೆ ಕೊಯ್ಲು ಮುಗಿದ ಕೂಡಲೇ ಗುಂಡಿ ತೆಗೆಯುವುದು. ತಮ್ಮ ಈಗಲೇ ದಾರ, ಗೂಟ ಹಿಡಿದು ಓಡಾಡುತ್ತಿದ್ದಾನೆ. 23 ಅಡಿ 4 ಇಂಚು ಬರುವವರೆಗೆ ಚಾ ಇಲ್ಲ ಅಂತ ಅಮ್ಮ ಹೇಳಿದ್ದಾರೆ.